ಹಿಮ ಬೀಳುವ ಹಿಂದಿನ ರಾತ್ರಿಯ ತೀರ್ಮಾನ

ಅಟ್ಲಾಂಟಾ, ಡಾಲಸ್ ಕಡೆ ಹಿಮ ಬೀಳುತ್ತಿದೆ ಎಂದು ಸುದ್ದಿ ಬಂದ ದಿನ ಮೈಸೂರು, ಶಿವಮೊಗ್ಗದ ಮನೆಗಳಿಂದ ಅಲ್ಲಿರುವ ಮಕ್ಕಳಿಗೆ ಹೋಗುವ ಫೋನಿನಲ್ಲಿ ಒಂದೇ ಮಾತು: ಕಾರು ನಿಧಾನವಾಗಿ ಓಡಿಸು. ಅಲ್ಲಿನ ಟಿವಿಯವರು ಹೇಳುವುದೂ ಹೆಚ್ಚುಕಡಿಮೆ ಇದೇ. ಮುಂದಿನ ಗಾಡಿಯಿಂದ ದೂರವಿರಿ, ಗಕ್ಕನೆ ಬ್ರೇಕ್ ಹಾಕಬೇಡಿ, ಸೇತುವೆ ಬಂದರೆ ಜೋಪಾನ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಹಿಮ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬೀಳುವ ಊರಿನಲ್ಲಿ ಈ ಬುದ್ಧಿಮಾತು ಮುಟ್ಟಬೇಕಾದವರಿಗೆ ಮುಟ್ಟುತ್ತಿಲ್ಲ. ಅಲ್ಲಿ ನಿಜವಾದ ಸುರಕ್ಷತೆ ಇರುವುದು ಆ ದಿನ ಗಾಡಿ ಹೊರತೆಗೆಯದೇ ಇರುವುದರಲ್ಲಿ. ಅದನ್ನು ತೀರ್ಮಾನಿಸುವವರು ಚಾಲಕರಲ್ಲ; ಅವರಿಗೆ ಕೆಲಸ ಕೊಟ್ಟವರು, ಶಾಲೆ ನಡೆಸುವವರು, ಸರ್ಕಾರದಲ್ಲಿ ಕುಳಿತವರು.

ಅಟ್ಲಾಂಟಾ ಇದನ್ನು ಕಲಿತದ್ದು 2014ರ ಜನವರಿ 28ರಂದು. ಅಂದು ಬಿದ್ದ ಹಿಮ ಎರಡೂವರೆ ಇಂಚಿನ ಆಸುಪಾಸು, ಉತ್ತರದ ಮಿನ್ನೆಸೋಟದವರು ಲೆಕ್ಕಕ್ಕೇ ಹಿಡಿಯದಷ್ಟು. ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆ ಬೆಳಗಿನ ಜಾವ ನಾಲ್ಕರೊಳಗೇ ಹೊರಬಿದ್ದಿತ್ತು. ಆದರೂ ಶಾಲೆ, ಕಚೇರಿಗಳೆಲ್ಲ ಎಂದಿನಂತೆ ತೆರೆದವು. ಮಧ್ಯಾಹ್ನದ ಹೊತ್ತಿಗೆ ಹಿಮ ಉದುರತೊಡಗಿದಾಗ ಶಾಲೆಗಳು, ಖಾಸಗಿ ಕಂಪನಿಗಳು, ಸರ್ಕಾರಿ ಕಚೇರಿಗಳು ಬಹುತೇಕ ಒಂದೇ ಹೊತ್ತಿಗೆ ಬಾಗಿಲು ಹಾಕಿ ಎಲ್ಲರನ್ನೂ ಮನೆಗೆ ಕಳಿಸಿದವು. 50 ಲಕ್ಷಕ್ಕೂ ಮೀರಿದ ಜನರ ಮಹಾನಗರದ ಹೆದ್ದಾರಿಗಳು ತುಂಬಿ ನಿಂತುಬಿಟ್ಟವು. ಬಿದ್ದ ಹಿಮವನ್ನು ಸಾವಿರಾರು ಟೈರುಗಳು ಅರೆದು ನೀರು ಮಾಡಿದವು. ಸೊನ್ನೆಗಿಂತ ಕೆಳಗಿನ ಚಳಿಗೆ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟಿತು. ಊರಿನ ಸುತ್ತ ಹರಿಯುವ 285ನೇ ಹೆದ್ದಾರಿಯ ಏರುಗಳಲ್ಲಿ ಭಾರಿ ಲಾರಿಗಳ ಚಕ್ರ ಇದ್ದಲ್ಲೇ ತಿರುಗಿ, ಟ್ರೇಲರ್ ಅಡ್ಡಡ್ಡ ಮಡಚಿಕೊಂಡು ದಾರಿ ಮುಚ್ಚಿದವು. ಜನ ಕಾರಿನಲ್ಲೇ ರಾತ್ರಿ ಕಳೆದರು, ಮಕ್ಕಳು ಶಾಲೆಯಲ್ಲೇ ಮಲಗಿದರು, ಸಿಕ್ಕಿಬಿದ್ದ ಕಾರಿನಲ್ಲೇ ಒಂದು ಹೆರಿಗೆಯೂ ಆಯಿತು. ಗಮನಿಸಬೇಕಾದ್ದು ಇನ್ನೊಂದಿದೆ. 2011ರ ಹಿಮಪಾತದಲ್ಲಿ ಪೆಟ್ಟು ತಿಂದಿದ್ದ ನಗರಾಡಳಿತ ಉಪ್ಪು ಹರಡುವ, ಹಿಮ ಗೋರುವ ಯಂತ್ರಗಳನ್ನು ಅಷ್ಟರಲ್ಲಿ ಹೆಚ್ಚಿಸಿಕೊಂಡಿತ್ತು. ಆದರೆ ಉಪ್ಪಿನ ಲಾರಿಗಳೂ ಅದೇ ಜಾಮಿನಲ್ಲಿ ಸಿಕ್ಕಿಕೊಂಡವು. ಶಾಲೆಯವರನ್ನು ಮೊದಲು, ಖಾಸಗಿಯವರನ್ನು ಆಮೇಲೆ, ಸರ್ಕಾರಿ ನೌಕರರನ್ನು ಕೊನೆಗೆ ಬಿಡಬೇಕಿತ್ತು ಎಂದು ಆಗಿನ ಮೇಯರ್ ಕಾಸಿಂ ರೀಡ್ ಆಮೇಲೆ ಒಪ್ಪಿಕೊಂಡರು.

ಎರಡೇ ವಾರದಲ್ಲಿ ಮರುಪರೀಕ್ಷೆ ಬಂತು. ಫೆಬ್ರವರಿ ಎರಡನೇ ವಾರ ಹಿಮಕ್ಕಿಂತ ಕೆಟ್ಟದಾದ ಐಸ್ ಮಳೆ ಬರಲಿದೆ ಎಂದಾಗ ಗವರ್ನರ್ ನೇಥನ್ ಡೀಲ್ ಮುಂಚಿತವಾಗಿಯೇ ತುರ್ತುಸ್ಥಿತಿ ಘೋಷಿಸಿದರು, ಶಾಲೆಗಳಿಗೆ ರಜೆ ಸಿಕ್ಕಿತು, ಜನ ಮನೆಯಲ್ಲಿ ಉಳಿದರು. ಮರಗಳು ಬಿದ್ದವು, ಕರೆಂಟು ಹೋಯಿತು. ಹೆದ್ದಾರಿ ಮಾತ್ರ ಖಾಲಿ ಹೊಡೆಯುತ್ತಿತ್ತು. ಅದೇ ಊರು, ಅದೇ ಚಾಲಕರು, ಅವವೇ ಟೈರುಗಳು. ಹದಿನೈದು ದಿನದಲ್ಲಿ ಯಾರೂ ಹಿಮದಲ್ಲಿ ಕಾರು ಓಡಿಸುವುದನ್ನು ಕಲಿತಿರಲಿಲ್ಲ.

ಇದಕ್ಕೆ ಉತ್ತರದ ರಾಜ್ಯದವರ ತಕರಾರು ಗೊತ್ತಿರುವಂಥದ್ದೇ: ನಾವು ನಾಲ್ಕು ತಿಂಗಳು ಇದರಲ್ಲೇ ಓಡಾಡುತ್ತೇವೆ, ಇವರಿಗೇನು ಕಷ್ಟ? ಅವರಲ್ಲಿ ಅನೇಕರು ಚಳಿಗಾಲಕ್ಕೆಂದೇ ಬೇರೆ ಟೈರು ಹಾಕುತ್ತಾರೆ. ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತ ಹಿಡಿತ ಕಳೆದುಕೊಳ್ಳುತ್ತದೆ, ಚಳಿಗಾಲದ್ದು ಮೆತ್ತಗೇ ಇರುತ್ತದೆ. ಮೇಲಾಗಿ ಮೈನಸ್ 20ರ ಒಣ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನ ಒದ್ದೆ ಮಂಜುಗಡ್ಡೆ ಹೆಚ್ಚು ಜಾರುತ್ತದೆ, ದಕ್ಷಿಣದಲ್ಲಿ ಸಾಮಾನ್ಯವಾಗಿ ಸಿಗುವುದು ಈ ಎರಡನೆಯದೇ. ಇಷ್ಟೆಲ್ಲ ಇದ್ದೂ ಅನುಭವಸ್ಥರೇನೂ ಪಾರಾಗಿಲ್ಲ. ಅಮೆರಿಕದಾದ್ಯಂತ 1975ರಿಂದ 2000ದವರೆಗಿನ ಅಪಘಾತಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಋತುವಿನ ಮೊದಲ ಹಿಮದ ದಿನ ಉಳಿದ ಹಿಮದ ದಿನಗಳಿಗಿಂತ ಪ್ರಾಣಕ್ಕೆ ಹೆಚ್ಚು ಅಪಾಯಕಾರಿ ಎಂದು ಕಂಡುಕೊಂಡಿತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮರೆತುಹೋಗುವ ವಿದ್ಯೆ ಇದು. ಅಟ್ಲಾಂಟಾದವರಿಗೋ, ಬಿದ್ದ ಹಿಮವೆಲ್ಲ ಮೊದಲ ಹಿಮವೇ. ಫೋರ್ ವೀಲ್ ಡ್ರೈವ್ ಇದೆಯಲ್ಲ ಎನ್ನುವವರೂ ಇದ್ದಾರೆ. ಅದು ನಿಂತ ಗಾಡಿ ಹೊರಡಲು ನೆರವಾಗುತ್ತದೆ, ಹೊರಟ ಗಾಡಿ ನಿಲ್ಲಲು ಅಲ್ಲ. ಸಲೀಸಾಗಿ ವೇಗ ಸಿಗುವುದರಿಂದ ಹುಸಿ ಧೈರ್ಯ ಬರುವುದೇ ಹೆಚ್ಚು.

ಹೆಚ್ಚು ತೂಕದ ಆಕ್ಷೇಪ ಬೇರೆಯದು: ಆಸ್ಪತ್ರೆ ನಡೆಯಬೇಡವೇ? 2021ರ ಫೆಬ್ರವರಿ 11ರ ಮುಂಜಾನೆ ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ ಎತ್ತರಿಸಿದ ಟೋಲ್ ರಸ್ತೆಯ ಮೇಲೆ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ನುಗ್ಗಿ ಆರು ಜನ ಸತ್ತರು. ಅಪಘಾತದಲ್ಲಿ ಸಿಲುಕಿದವರಲ್ಲಿ ಬೆಳಗಿನ ಪಾಳಿಗೆ ಹೊರಟಿದ್ದ ಆಸ್ಪತ್ರೆ ಸಿಬ್ಬಂದಿಯೂ ಇದ್ದರು. ಎತ್ತರದ ರಸ್ತೆಗೆ ಅಡಿಯಿಂದಲೂ ಗಾಳಿ ತಾಗುವುದರಿಂದ ಅದು ನೆಲದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಅದು ಬರೀ ಒದ್ದೆ ಡಾಂಬರು. ಅಲ್ಲಿ ಮಂಜುಗಡ್ಡೆ ನಿರೋಧಕ ದ್ರಾವಣ ಸಿಂಪಡಿಸಿ ಸುಮಾರು 44 ಗಂಟೆಯಾಗಿತ್ತು. ಆಮೇಲೆ ಬಿದ್ದ ಹನಿಯನ್ನು ನಿರ್ವಾಹಕರು ಸರಿಯಾಗಿ ಗಮನಿಸಿ ಮತ್ತೆ ಸಿಂಪಡಿಸಲಿಲ್ಲ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಚಾಲಕರ ವೇಗವೂ ಹೆಚ್ಚಿತ್ತು ಎಂದು ಅದೇ ವರದಿ ಹೇಳುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗಂಟೆಗೆ ಸುಮಾರು 120 ಕಿ.ಮೀ. ಮಿತಿಯಿದ್ದ ದಾರಿ ಅದು. ಹವೆಗೆ ತಕ್ಕಂತೆ ಮಿತಿಯನ್ನು ಬದಲಿಸಿ ತೋರಿಸುವ ಫಲಕವಿಲ್ಲದೆ ಕತ್ತಲಲ್ಲಿ ಕಾಣದ ಮಂಜುಗಡ್ಡೆಯನ್ನು ಚಾಲಕರೇ ಊಹಿಸಿಕೊಳ್ಳಬೇಕಿತ್ತೆಂದರೆ ಹೇಗೆ? ದಾದಿಯರು ಬರಲೇಬೇಕು ಎನ್ನುವುದು ನಿಜವಾದರೆ, ಬರಬೇಕಿಲ್ಲದವರನ್ನು ರಸ್ತೆಯಿಂದ ದೂರವಿಡುವುದಕ್ಕೆ, ಹಿಂದಿನ ಪಾಳಿಯವರಿಗೆ ಆಸ್ಪತ್ರೆಯಲ್ಲೇ ಮಲಗಲು ಜಾಗ ಮಾಡಿಕೊಡುವುದಕ್ಕೆ ಅದೇ ಕಾರಣ.

ಮುನ್ಸೂಚನೆ ಸುಳ್ಳಾಗಿ ಒಂದು ದಿನದ ಕೆಲಸ ವ್ಯರ್ಥವಾದರೆ? ಆಗುತ್ತದೆ, ಆಗಾಗ. ದಿನಗೂಲಿಯವರಿಗೆ ಆ ನಷ್ಟ ದೊಡ್ಡದು, ಅದನ್ನು ತುಂಬಿಕೊಡದೆ ರಜೆ ಸಾರುವುದು ಅನ್ಯಾಯವೂ ಹೌದು. ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಮಾತ್ರ ಈ ನೆಪ ಹೊಂದುವುದಿಲ್ಲ. 2020ರ ನಂತರವಂತೂ ಇಲ್ಲವೇ ಇಲ್ಲ. ಅಟ್ಲಾಂಟಾ ಬಳಿಯ ಆಲ್ಫರೆಟ್ಟಾ, ಡಾಲಸ್ ಬಳಿಯ ಪ್ಲೇನೋ ಕಡೆಯ ನಮ್ಮವರಲ್ಲಿ ಬಹಳ ಮಂದಿ ಇಂಥ ಕೆಲಸದವರು. ವೀಸಾ ಕಂಪನಿಯ ಕೈಯಲ್ಲಿರುವ ಹುಡುಗ, ಮ್ಯಾನೇಜರ್ ಬಾಯಿಬಿಡದಿದ್ದರೆ, ಹಿಮ ಬಿದ್ದರೂ ಹೊರಟೇ ಹೊರಡುತ್ತಾನೆ. ಇಲ್ಲಿಂದ ಅಪ್ಪ ಅಮ್ಮ ಹೇಳುವ ಜೋಪಾನ ಅವನಿಗೆ ಆಗಲೇ ಗೊತ್ತು. ಅವನಿಗೆ ಬೇಕಾಗಿರುವುದು ಹಿಂದಿನ ರಾತ್ರಿ ಎಂಟರೊಳಗೆ, ನಾಳೆ ಯಾರೂ ಆಫೀಸಿಗೆ ಬರಬೇಡಿ, ಹಾಜರಿಗೆ ತೊಂದರೆಯಿಲ್ಲ ಎಂಬ ಎರಡು ಸಾಲಿನ ಮೇಲ್.