ತೊಗರಿಯ ನೆಟೆ ರೋಗಕ್ಕೆ ಗಣಕಯಂತ್ರದಲ್ಲಿ ಮದ್ದು ಸಿಕ್ಕೀತೇ?

ಕಲಬುರಗಿ: 2022-23ರಲ್ಲಿ ಜಿಲ್ಲೆಯ ತೊಗರಿ ಹೊಲಗಳಲ್ಲಿ ಹೂ, ಕಾಯಿ ಹೊತ್ತ ಗಿಡಗಳು ನಿಂತಲ್ಲೇ ಒಣಗಿದವು. ನೆಟೆ ರೋಗದ ಹೊಡೆತಕ್ಕೆ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ವಾಡಿಯ ಸಿಮೆಂಟ್, ಶಹಾಬಾದಿನ ಹಾಸುಗಲ್ಲು ಬಿಟ್ಟರೆ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಬದುಕು ನಿಂತಿರುವುದೇ ಈ ಬೆಳೆಯ ಮೇಲೆ. ಪರಿಹಾರ ಬಂದೀತು, ಮದ್ದು ಎಲ್ಲಿ?

ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ಅಡಗಿದ್ದು, ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಮುಚ್ಚುತ್ತದೆ. ರೈತರು ಬಳಸುವ ಕಾರ್ಬೆಂಡಾಜಿಮ್‌ನ ಅಣುಗಳು ಶಿಲೀಂಧ್ರದ ಟ್ಯುಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೋಶ ವಿಭಜನೆಯನ್ನು ತಡೆಯುತ್ತವೆ. ಆ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಬೀಗ ಬದಲಿಸಿದ ಮನೆಗೆ ಹಳೆಯ ಕೀಲಿಕೈ ಹಿಡಿದು ನಿಂತಂತೆ, ಮದ್ದು ಹೊರಗೇ ಉಳಿಯುತ್ತದೆ.

ಹೊಸ ಕೀಲಿಕೈಯ ಹುಡುಕಾಟ ಈಗ ಗಣಕಯಂತ್ರದಲ್ಲಿ ನಡೆಯುತ್ತದೆ. ಪ್ರೋಟೀನಿನ ಕುಳಿಯಲ್ಲಿ ಲಕ್ಷಾಂತರ ಅಣುಗಳನ್ನು ಒಂದೊಂದಾಗಿ ಕೂರಿಸಿ, ಯಾವುದು ಎಷ್ಟು ಬಿಗಿಯಾಗಿ ಕೂರುತ್ತದೆಂದು ತಂತ್ರಾಂಶ ಅಂದಾಜಿಸುತ್ತದೆ. ಇದಕ್ಕೆ ಬೇಕಾದ ಆಟೋಡಾಕ್‌ನಂತಹ ತಂತ್ರಾಂಶ ಉಚಿತ. ಆಲ್ಫಾಫೋಲ್ಡ್ 2022ರಲ್ಲಿ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ರಚನೆಗಳನ್ನು ಮುಕ್ತವಾಗಿ ನೀಡಿತು. ಅದರ ರೂವಾರಿಗಳಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಗುಲಬರ್ಗಾ ವಿಶ್ವವಿದ್ಯಾಲಯಕ್ಕಾಗಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾಗಲಿ ಈ ಕೆಲಸಕ್ಕೆ ಹಣದ ಅಡ್ಡಿ ಇರಲಾರದು.

ಅಡ್ಡಿ ಇರುವುದು ಮುಂದಿನ ಹೆಜ್ಜೆಯಲ್ಲಿ. ಪರದೆಯ ಮೇಲಿನ ಅಂಕ ಬರೀ ಅಂದಾಜು. ಅಣು ಶಿಲೀಂಧ್ರದ ಕೋಶದೊಳಗೆ ಹೋಗುವುದೇ, ಎರೆಮಣ್ಣಿನ ಜೇಡಿಗೆ ಅಂಟಿ ನಿಷ್ಕ್ರಿಯವಾಗುವುದೇ, ತೊಗರಿ ಬೇರಿನ ಗಂಟುಗಳಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದೇ ಎಂಬುದನ್ನು ಆ ಅಂಕ ಹೇಳದು. ಕೊರೊನಾ ಕಾಲದಲ್ಲಿ ಅರಿಶಿನದ ಕರ್ಕ್ಯುಮಿನ್ ಸೇರಿದಂತೆ ಹತ್ತಾರು ಸಸ್ಯಜನ್ಯ ಅಣುಗಳು ಗಣಕ ಪರೀಕ್ಷೆಯಲ್ಲಿ ಉತ್ತೀರ್ಣವಾಗಿ ಸುದ್ದಿಯಾದವು. ಬಹುತೇಕ ಅಲ್ಲಿಗೇ ನಿಂತವು.

ಇಷ್ಟಕ್ಕೂ ಈವರೆಗೆ ರೈತನ ಕೈಹಿಡಿದದ್ದು ಬೀಜವೇ. 1986ರಲ್ಲಿ ಬಿಡುಗಡೆಯಾದ, ಇಕ್ರಿಸ್ಯಾಟ್ ಮೂಲದ 'ಮಾರುತಿ', ನಂತರ ಟಿಎಸ್-3ಆರ್ ತಳಿಗಳು ಫ್ಯುಸೇರಿಯಂ ವಿರುದ್ಧ ಗೆದ್ದದ್ದು ಹೊಲದಲ್ಲಿ. ಆದರೆ ಒಣ ಬೇರು ಕೊಳೆ ತರುವ ಮ್ಯಾಕ್ರೊಫೋಮಿನಾ ಬೇರೆಯದೇ ಶಿಲೀಂಧ್ರ. ಒಂದಕ್ಕೆ ಜಗ್ಗದ ತಳಿ ಇನ್ನೊಂದಕ್ಕೂ ಜಗ್ಗದು ಎನ್ನುವಂತಿಲ್ಲ. ಹೊಸ ಅಣುವಿನ ಅಗತ್ಯ ಇರುವುದು ಇಲ್ಲಿ. ವಿಶ್ವವಿದ್ಯಾಲಯಗಳ ಗಣಕಯಂತ್ರಗಳು ಆರಿಸಿದ ಅಣುಗಳನ್ನು ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ತಾಕುಗಳಲ್ಲಿ ಪರೀಕ್ಷಿಸುವ ಜಂಟಿ ಯೋಜನೆಗೆ ಸರ್ಕಾರ ಹಣ ನೀಡಬೇಕು. ಅಲ್ಲಿಯವರೆಗೆ ರೈತನ ಬಳಿ ಇರುವುದು ರೋಗನಿರೋಧಕ ಬೀಜ, ಟ್ರೈಕೋಡರ್ಮಾ ಬೀಜೋಪಚಾರ ಮತ್ತು ಜೋಳದೊಂದಿಗೆ ಬೆಳೆ ಬದಲಾವಣೆ.