ಸಿಮೆಂಟಿಗೆ ಶೆಡ್ ಇದೆ, ಮಗುವಿಗೆ?

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಇಂಟರ್ನ್‌ಷಿಪ್‌ಗೆಂದು ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಮಗಾರಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಎಂಟು ತಿಂಗಳ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಿದ್ದಳು. ಯಾದಗಿರಿ ಕಡೆಯಿಂದ ಬಂದ ತಾಯಿ ಮೂರನೇ ಮಹಡಿಗೆ ಇಟ್ಟಿಗೆ ಹೊರುತ್ತಿದ್ದರು. ‘ನಡುವೆ ಹಾಲು ಕುಡಿಸೋಕೆ ಬಿಡುವು ಸಿಗುತ್ತಾ ಅಕ್ಕಾ?’ ಎಂದು ಕೇಳಿದೆ. ‘ಕೆಲ್ಸ ಬಿಟ್ಟು ಕುಂತ್ರ ಪಗಾರ ಯಾರ್ ಕೊಡ್ತಾರ ತಂಗಿ?’ ಎಂದರು. ಮಗುವಿನ ತೂಕ ಬರೆದಿಡುವ ತಾಯಿ ಕಾರ್ಡ್ ಊರಲ್ಲೇ ಉಳಿದಿತ್ತು.

ಬಡವರ ಮಕ್ಕಳು ಸೊರಗಿದ್ದರೆ ತಾಯಿಗೆ ತಿಳಿವಳಿಕೆ ಇಲ್ಲ ಎಂದುಬಿಡುವುದು ಸುಲಭ. ಈ ತಾಯಿಗೆ ಎಲ್ಲವೂ ಗೊತ್ತಿತ್ತು, ಸಮಯ ಇರಲಿಲ್ಲ.

ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಅದರ ಜತೆಗೆ ದಿನಕ್ಕೆ ಎರಡು–ಮೂರು ಬಾರಿ ಮೆತ್ತಗಿನ ಊಟ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತಹೀನತೆಯಿಂದ ಬಳಲುವ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಹೆಚ್ಚು. ಶೆಡ್‌ನ ಡ್ರಮ್ ನೀರು ಕುಡಿದು ಪದೇ ಪದೇ ಭೇದಿಯಾದರೆ ತಿಂದದ್ದೂ ಮೈಗೆ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ.

ಕಾಂಕ್ರೀಟ್‌ಗೆ ಮೊದಲ ದಿನಗಳಲ್ಲಿ ಕ್ಯೂರಿಂಗ್ ತಪ್ಪಿದರೆ ಆಮೇಲೆ ಎಷ್ಟು ನೀರು ಹಾಕಿದರೂ ಪೂರ್ತಿ ಬಲ ಬರುವುದಿಲ್ಲ ಎಂದು ನಮಗೆ ಕಲಿಸುತ್ತಾರೆ. ಗರ್ಭದಲ್ಲಿರುವಾಗಿನಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳೂ ಹಾಗೆಯೇ.

50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಾನಿದ್ದ ಸೈಟ್‌ನಲ್ಲಿ ಇದ್ದ ಮಹಿಳೆಯರು 12. ಇಂಥ ಲೆಕ್ಕದಲ್ಲಿ ಸಣ್ಣ ಸೈಟ್‌ಗಳ ಮಕ್ಕಳು ಹೊರಗೇ ಉಳಿಯುತ್ತಾರೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ವರ್ಷ ದಾಟಿದವರನ್ನು. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ ಬಂದಿದೆ. ನಗರದಲ್ಲಿ ಕೂಲಿ ಮಾಡುವ ತಾಯಂದಿರಿಗೂ ಅದು ಬೇಡವೇ? ನಾಲ್ಕಾರು ಸಣ್ಣ ಸೈಟ್‌ಗಳು ಸೇರಿ ಒಂದು ಶಿಶುಪಾಲನಾ ಕೇಂದ್ರ ನಡೆಸುವಂತೆ ಮಾಡಿದರೂ ಸಾಕು, ತಾಯಿ ಎರಡು ಬಾರಿ ಬಂದು ಹಾಲು ಕುಡಿಸಬಹುದು, ಅಕ್ಕ ಶಾಲೆಗೆ ಹೋಗಬಹುದು.

ಸಿಮೆಂಟ್ ಚೀಲಕ್ಕೆ ತೇವ ತಾಗದಂತೆ ಪ್ರತಿ ಸೈಟ್‌ನಲ್ಲೂ ಶೆಡ್ ಹಾಕುತ್ತೇವೆ. ಅದರ ಖರ್ಚು ಎಸ್ಟಿಮೇಟ್‌ನಲ್ಲೇ ಸೇರಿರುತ್ತದೆ. ನಾಳೆ ಎಸ್ಟಿಮೇಟ್ ಬರೆಯುವವರು ನಾವೇ. ಮಕ್ಕಳ ಕೋಣೆಗೂ ಅದರಲ್ಲಿ ಒಂದು ಸಾಲು ಸೇರಿಸೋಣ.