ಒಬ್ಬಳ ಬಲವೂ ಐವರ ಆಟವೂ

ಮೇಜಿನ ಸುತ್ತ ಕುಳಿತು ಕಥೆ ಕಟ್ಟುತ್ತ ಆಡುವ ಆಟವೊಂದು ನಮ್ಮ ಹುಡುಗಿಯರಲ್ಲಿಯೂ ಬಳಕೆಗೆ ಬಂದಿರುವುದನ್ನು ತಾಯ್ತಂದೆಗಳು ಬಲ್ಲರು. ಅಮೇರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿ 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದೇ ಇಂಥ ಆಟಗಳಿಗೆ ಮೂಲವು. ಒಬ್ಬಳು ಕಥೆಯನ್ನು ನಡೆಯಿಸುವಳು. ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸುವರು. ಫಲವು ಸಂದೇಹವಾದಲ್ಲಿ ದಾಳವು ತೀರ್ಪು ಕೊಡುವುದು. ಈ ಆಟದಲ್ಲಿ ಪದೇಪದೇ ತಲೆದೋರುವ ಒಂದು ತೊಡಕಿನ ವಿಷಯವಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ಅರಿಕೆಮಾಡುತ್ತೇನೆ.

ಐವರಲ್ಲಿ ಒಬ್ಬಳ ಪಾತ್ರವು ದಾಳದ ಅನುಕೂಲದಿಂದಲೋ, ದೊರೆತ ಮಾಯಾಖಡ್ಗದಿಂದಲೋ, ನಿಯಮಗಳನ್ನು ಚೆನ್ನಾಗಿ ಓದಿಕೊಂಡದ್ದರಿಂದಲೋ ಮಿಕ್ಕವರಿಗಿಂತ ಬಹು ಬಲಿಷ್ಠವಾಗುವುದುಂಟು. ಆಕೆಯ ಪ್ರಾಣಬಲವು 60, ಇತರರದು ತಲಾ 20 ಎಂದಿಟ್ಟುಕೊಳ್ಳೋಣ. ಆಕೆಗೆ ಸಮನಾಗಿರಲೆಂದು ಒಂದೇಟಿಗೆ 25 ಕಳೆಯುವ ರಾಕ್ಷಸನನ್ನು ತಂದರೆ ಆಕೆ ಎರಡು ಏಟನ್ನು ತಾಳಿಕೊಳ್ಳುವಳು. ಇತರರು ಮೊದಲನೆಯ ಏಟಿಗೇ ಬೀಳುವರು. ಇತರರಿಗೆ ತಕ್ಕ ಶತ್ರುವನ್ನು ತಂದರೆ ಆಕೆಯೊಬ್ಬಳೇ ಅವನನ್ನು ಮುಗಿಸುವಳು. ನಾಲ್ವರು ಕೈಕಟ್ಟಿ ನೋಡುತ್ತಿರುವರು.

ಖಡ್ಗವನ್ನು ಕಸಿದುಕೊಂಡರೆ ಸರಿಹೋಗುವುದೆಂದು ಕೆಲವರು ಹೇಳುವರು. ಇದನ್ನು ನಾನು ಒಪ್ಪಲಾರೆನು. ಹಾಗೆ ಮಾಡಿದರೆ, ಚೆನ್ನಾಗಿ ಆಡುವುದೇ ಅಪರಾಧವೆಂದು ಆ ಹುಡುಗಿ ಕಲಿಯುವಳು. ಶತ್ರುವಿನ ಬಲವನ್ನು ಏರಿಸುತ್ತ ಹೋಗುವುದು ಇನ್ನೂ ಕೆಟ್ಟದ್ದು. ಒಬ್ಬಳ ಬಲಕ್ಕಾಗಿ ನಾಲ್ವರು ದಂಡ ತೆರಬೇಕಾಗುವುದು.

ಕೆಲಸದ ಸ್ವರೂಪವನ್ನೇ ಬದಲಾಯಿಸುವುದು ಉತ್ತಮ ಮಾರ್ಗವು. ಒಬ್ಬ ದೈತ್ಯನಿಗೆ ಬದಲಾಗಿ ಎಂಟು ಮಂದಿ ಸಾಮಾನ್ಯ ಶತ್ರುಗಳು ಎರಡು ಬಾಗಿಲುಗಳಿಂದ ನುಗ್ಗಲಿ. ಎಷ್ಟು ಬಲಿಷ್ಠಳಾದರೂ ಎರಡು ಕಡೆ ನಿಲ್ಲಲಾರಳು. ಆಕೆ ಬಾಗಿಲನ್ನು ಕಾಯುತ್ತಿರುವಾಗ ಇನ್ನೊಬ್ಬಳು ಗಾಯಗೊಂಡವರನ್ನು ಹೊರಗೆ ಸಾಗಿಸಲಿ, ಮತ್ತೊಬ್ಬಳು ಗೋಡೆಯ ಮೇಲಿನ ಹಳೆಯ ಬರಹವನ್ನು ಓದಲಿ, ಮಗದೊಬ್ಬಳು ಮುನಿದ ಅರಸನನ್ನು ಮಾತಿನಿಂದ ಒಲಿಸಲಿ. ಆಟದ ಮೂಲವೇ ಇದಕ್ಕೆ ಅನುಕೂಲವಾಗಿದೆ. 1974ರಲ್ಲಿ ಯೋಧ, ಮಾಂತ್ರಿಕ, ಯಾಜಕ ಎಂಬ ಮೂರು ವೃತ್ತಿಗಳಿದ್ದವು. 1975ರ ಅನುಬಂಧದಲ್ಲಿ ಕಳ್ಳನೂ ಸೇರಿದನು. ಹೆಸರು ನಮಗೆ ಹಿತವಾಗದಿದ್ದರೂ, ಬೀಗವನ್ನು ಮೆಲ್ಲನೆ ತೆರೆಯುವುದು ಅವನ ಕೈಚಳಕಕ್ಕೇ ಸೇರಿದ್ದೆಂಬುದು ಮೆಚ್ಚತಕ್ಕ ಏರ್ಪಾಡು. ಆದರೂ ಒಮ್ಮೊಮ್ಮೆ ಬಲಿಷ್ಠಳು ನಿರಾತಂಕವಾಗಿ ಗೆಲ್ಲಲಿ; ಆ ಸಂತೋಷವೂ ನ್ಯಾಯವಾದದ್ದೇ.

ತರಗತಿಯಲ್ಲಿಯೂ ಈ ತೊಡಕು ಉಂಟು. ಎಲ್ಲ ಪ್ರಶ್ನೆಗಳಿಗೂ ಒಬ್ಬಳೇ ಕೈಯೆತ್ತುವಳು. ಉಪಾಧ್ಯಾಯಿನಿಯು ಆಕೆಯ ಮಟ್ಟಕ್ಕೇ ಪಾಠವನ್ನು ಏರಿಸಿದರೆ ಹಿಂದಿನ ಬೆಂಚುಗಳು ಮೌನವಾಗುವುವು. ಆಕೆಯನ್ನು ಅದುಮಿದರೆ ದೇವರು ಕೊಟ್ಟ ತಲಾಂತು ಹೂಳಿಹೋಗುವುದು. ದೇಹವೊಂದೇ, ಅವಯವಗಳು ಅನೇಕವೆಂದು ಪೌಲನು ಕೊರಿಂಥದ ಸಭೆಗೆ ಬರೆದದ್ದು ನಮಗೆಲ್ಲ ತಿಳಿದಿದೆ. ತಿಳಿದಿದ್ದರೂ ಬಹುಮಾನ ಪಡೆದವಳ ಹೆಸರನ್ನು ಮಾತ್ರ ಮನೆಯಲ್ಲಿ ಎತ್ತಿ ಆಡುತ್ತೇವೆ. ಮಿಕ್ಕ ಮಕ್ಕಳು ಅದನ್ನು ಕೇಳಿಸಿಕೊಂಡು ತಮ್ಮ ಬೆಲೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಆದುದರಿಂದ ತಾಯ್ತಂದೆಗಳಲ್ಲಿಯೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ನನ್ನದೊಂದು ವಿನಂತಿ. ಮಗಳು ಆಟ ಮುಗಿಸಿ ಮನೆಗೆ ಬಂದಾಗ, ನಿನ್ನ ಸರದಿಯಲ್ಲಿ ನೀನೇನು ಮಾಡಿದೆ, ನಿನ್ನ ಜೊತೆಯವಳು ಏನು ಮಾಡಿದಳು ಎಂದು ಕೇಳಿರಿ. ಎರಡಕ್ಕೂ ಅವಳಲ್ಲಿ ಉತ್ತರವಿದ್ದರೆ ಆಟವು ಚೆನ್ನಾಗಿ ನಡೆಯಿತೆಂದು ತಿಳಿಯಿರಿ.